ಉಯಿಲಿನ ಎರಡನೆಯ ಹಾಳೆ

ಆ ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಕ್ಲೀಟಸ್ ಟಿಗ್ನರನ ಹುಲ್ಲು ಕತ್ತರಿಸುವ ಯಂತ್ರ ಒಂದು ಕಲ್ಲಿಗೆ ಬಡಿದು, ಅಲಗು ಮುರಿದುಕೊಂಡು, ನಿಂತುಬಿಟ್ಟಿತು. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಸೇಂಟ್ ಬಾರ್ನಬಸ್ ಚರ್ಚಿನ ಅಂಗಳದಲ್ಲಿ ಹುಲ್ಲು ಬೆಳೆಯುವುದು ದೇವರ ಕೆಲಸ, ಅದನ್ನು ಕತ್ತರಿಸುವುದು ಕ್ಲೀಟಸನ ಕೆಲಸ ಎಂದು ಊರು ಇಪ್ಪತ್ತೆರಡು ವರ್ಷಗಳಿಂದ ನಂಬಿಕೊಂಡು ಬಂದಿತ್ತು. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ. ಬಾಗಿಲ ಹಿಂದೆ ತೂಗುಹಾಕಿದ ಸರದಿ ಪಟ್ಟಿಯಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಶನಿವಾರ ಬಂತೆಂದರೆ ಒಬ್ಬನಿಗೆ ಸೊಂಟ ಹಿಡಿಯುತ್ತಿತ್ತು, ಒಬ್ಬನಿಗೆ ಮಗಳ ಮನೆ ನೆನಪಾಗುತ್ತಿತ್ತು, ಇನ್ನೊಬ್ಬನಿಗೆ ನದಿಯಲ್ಲಿ ಮೀನು ಕರೆಯುತ್ತಿತ್ತು. ಕೊನೆಗೆ ಉಳಿಯುತ್ತಿದ್ದವನು ಕ್ಲೀಟಸ್. ದೋಣಿಗಳ ಎಂಜಿನ್ ರಿಪೇರಿ ಮಾಡುವ ಅವನಿಗೆ ಕೈಯಲ್ಲಿ ಬೇಕಾದಷ್ಟು ಕಸುಬಿತ್ತು, ಬಾಯಲ್ಲಿ ‘ಆಗಲ್ಲ’ ಎಂಬ ಒಂದು ಮಾತು ಮಾತ್ರ ಇರಲಿಲ್ಲ. ಅವನ ಅಪ್ಪನೂ ಹೀಗೇ ಸಿಕ್ಕಿಹಾಕಿಕೊಂಡವನು.

ಈ ಸರದಿಯಿಂದ ಪೂರ್ತಿ ವಿನಾಯಿತಿ ಇದ್ದದ್ದು ಆರು ಮನೆತನಗಳಿಗೆ. ಚರ್ಚು ಹುಟ್ಟಿದಾಗ ಇಟ್ಟಿಗೆಯೋ ಗಂಟೆಯೋ ಕೊಟ್ಟವರ ವಂಶದವರು ಅವರು. ಅವರ ಹೆಸರು ಸ್ಥಾಪಕರ ಪಟ್ಟಿಯಲ್ಲಿತ್ತು, ಆಸನ ಮುಂದಿನ ಬೆಂಚಿನಲ್ಲಿತ್ತು, ಬೆಂಚಿಗೊಂದು ಹಿತ್ತಾಳೆಯ ಬಿಲ್ಲೆಯಿತ್ತು. ಆ ದಿನ ಚರ್ಚಿಗೆ ಇನ್ನೂರೈವತ್ತು ವರ್ಷ ತುಂಬುವ ಹಬ್ಬ. ಸಂಜೆ ನಾಲ್ಕಕ್ಕೆ ಪಟ್ಟಿಯನ್ನು ದೊಡ್ಡ ಹಿತ್ತಾಳೆ ಫಲಕದಲ್ಲಿ ಕೆತ್ತಿಸಿ, ಅಲ್ಲಿಗೆ ಅದನ್ನು ಶಾಶ್ವತವಾಗಿ ಮುಚ್ಚಿಬಿಡುವುದು ಎಂದು ತೀರ್ಮಾನವಾಗಿತ್ತು.

"ಏನೋ ಅದು ಸದ್ದು? ಸತ್ತೋರೂ ಎದ್ದು ಕೂರ್ತಾರಲ್ಲೋ!" ಎಂದು ಬೇಲಿಯಾಚೆಯಿಂದ ಹಾರ್ವೆ ಪ್ರಿಟ್ಚೆಟ್ ಕೂಗಿದ. ಹಾರ್ವೆ ಆ ಊರಿನ ಅಂಚೆಯವನಾಗಿದ್ದವನು. ನಿವೃತ್ತಿಯಾಗಿ ಆರು ವರ್ಷವಾದರೂ ಸುದ್ದಿಯ ಬಟವಾಡೆ ನಿಲ್ಲಿಸಿರಲಿಲ್ಲ.

"ಕಲ್ಲು ಕಣೋ. ಅಲಗು ಹೋಯ್ತು. ಗೇಟಿನ ಹತ್ರ ಇನ್ನೂ ಅರ್ಧ ಅಂಗಳ ಬಾಕಿ ಇದೆ," ಎಂದು ಕ್ಲೀಟಸ್ ಮಂಡಿಯೂರಿ ಕುಳಿತ. ಹಿಂದಿನ ವಾರದ ಮಳೆಗೆ ಮಣ್ಣು ಕೊಚ್ಚಿಹೋಗಿ ಕಲ್ಲಿನ ಮೂಲೆಯೊಂದು ತಲೆಯೆತ್ತಿತ್ತು. ಸ್ಕ್ರೂಡ್ರೈವರಿನಿಂದ ಕೆರೆದ. ಪಾಚಿ ಕಿತ್ತುಬಂತು, ಅಕ್ಷರ ಕಂಡಿತು. ಹೆಬ್ಬೆರಳಿನಿಂದ ಉಜ್ಜಿ ಓದಿದ. ‘ಜೋನಸ್ ಟಿಗ್ನರ್. ಈ ನೆಲ ಕೊಟ್ಟವನು. 1733.’

ತನ್ನ ಮನೆತನದ ಹೆಸರನ್ನು ಅವನು ಅಂಚೆಪೆಟ್ಟಿಗೆಯ ಮೇಲೆ ಕಂಡಿದ್ದ, ಕರೆಂಟು ಬಿಲ್ಲಿನ ಮೇಲೆ ಕಂಡಿದ್ದ. ಹೀಗೆ ಕಲ್ಲಿನಲ್ಲಿ ಕೂತು, ಇಷ್ಟು ಕಾಲ ತನ್ನ ಕಾಲ ಕೆಳಗೇ ಕಾಯುತ್ತಿತ್ತೆಂದು ಅವನಿಗೆ ಹೇಗೆ ಗೊತ್ತಿರಬೇಕು? ಅರಿವಿಲ್ಲದೆಯೇ ಟೋಪಿ ತೆಗೆದ.

ಬೇಲಿ ಹಾರಿ ಬಂದ ಹಾರ್ವೆಗೆ ಅಂಥ ಭಕ್ತಿಯೇನೂ ಬರಲಿಲ್ಲ. "ಲೋ! ಆ ಆರು ಮನೆಯೋರು ಇಟ್ಟಿಗೆ ಕೊಟ್ಟಿರಬಹುದು, ಗಂಟೆ ಕೊಟ್ಟಿರಬಹುದು. ನೆಲ ನಿಮ್ದು ಕಣೋ! ನೀನು ಸ್ಥಾಪಕರಿಗೇ ಸ್ಥಾಪಕ! ಇನ್ಮೇಲೆ ಹುಲ್ಲು ಮುಟ್ಟಬೇಡ ನೀನು."

ಆ ಕೊನೆಯ ಮಾತು ಕ್ಲೀಟಸನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಶನಿವಾರ! ಒಂದಲ್ಲ, ಸಾಯುವ ತನಕದ ಶನಿವಾರಗಳು! ಮುರಿದ ಯಂತ್ರವನ್ನು ಅಲ್ಲೇ ಬಿಟ್ಟು ಅವನು ನೇರ ಚರ್ಚಿನ ಹಿಂಬದಿಯ ಸಭಾಗೃಹಕ್ಕೆ ನಡೆದ.

ಅಲ್ಲಿ ಮಿಸ್ ಲವೀನಿಯಾ ಕ್ಯಾರಿಂಗ್ಟನ್ ಊಟದ ತಟ್ಟೆಗಳನ್ನು ಎಣಿಸುತ್ತಿದ್ದಳು. ಎಂಬತ್ತೊಂದು ವರ್ಷದ, ಬಿಳಿ ಕೈಗವಸು ತೊಟ್ಟ, ಬೆನ್ನು ಬಾಗದ ಹೆಂಗಸು. ಸ್ಥಾಪಕರ ಪಟ್ಟಿಯ ಕಾರ್ಯದರ್ಶಿ ಅವಳೇ. ಅವಳ ಅಪ್ಪಣೆಯಿಲ್ಲದೆ ಆ ಪಟ್ಟಿಯೊಳಗೆ ಸೊಳ್ಳೆಯೂ ನುಗ್ಗುವ ಹಾಗಿರಲಿಲ್ಲ.

"ಕಲ್ಲಿನ ಮೇಲೆ ಯಾರು ಏನು ಬೇಕಾದ್ರೂ ಕೆತ್ತಿಸ್ತಾರಪ್ಪ," ಎಂದಳು ಎಲ್ಲ ಕೇಳಿ. "ನನಗೆ ಪುಸ್ತಕ ಹೇಳಿದ್ದೇ ಮಾತು. ಅವನು ನೆಲ ಕೊಟ್ಟಿದ್ದಕ್ಕೆ ಉಯಿಲು ತೋರಿಸು. ಅವನಿಂದ ನಿನ್ನವರೆಗೆ ವಂಶ ತೋರಿಸು. ಮತ್ತೆ ಎಲ್ಲರೂ ಕ್ರಮವಾಗಿ ಮದುವೆ ಆದೋರ ಮಕ್ಕಳಾಗಿರಬೇಕು."

"ನಮ್ಮನೆ ಬೈಬಲ್ಲಿನ ಮೊದಲ ಪುಟದಲ್ಲಿ ಆಂಬ್ರೋಸ್ ಟಿಗ್ನರನಿಂದ ನನ್ನವರೆಗೆ ಎಂಟು ಹೆಸರು ಬರೆದಿದೆ, ಮಿಸ್ ಲವೀನಿಯಾ," ಎಂದು ಕ್ಲೀಟಸ್ ಎದೆಯುಬ್ಬಿಸಿದ. "ಎಲ್ಲರೂ ಹಿರೀ ಮಗನ ಹಿರೀ ಮಗ. ಒಂದು ಕೊಂಡೀನೂ ಜಾರಿಲ್ಲ."

"ಗೊತ್ತು, ನಿಮ್ಮ ತಾತ ಕಂಡೋರಿಗೆಲ್ಲ ತೋರಿಸ್ತಿದ್ದ. ಆ ಆಂಬ್ರೋಸನ ಅಪ್ಪ ಈ ಜೋನಸ್ಸೇ ಅಂತ ತೋರಿಸು ಸಾಕು. ನಾಲ್ಕು ಗಂಟೆ ಒಳಗೆ. ಆಮೇಲೆ ಬಂದು ಅತ್ತರೆ ಹಿತ್ತಾಳೆ ಕರಗಲ್ಲ."

ಕೋಟು ಹಾಕಿಕೊಳ್ಳಲು ಮನೆಗೆ ಓಡಿದರೆ ಹೆಂಡತಿ ಲೊರೇನ್ ಫೋನು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅಷ್ಟರಲ್ಲಾಗಲೇ ಹಾರ್ವೆಯ ಬಟವಾಡೆ ಮುಗಿದಿತ್ತು.

"ಇದು ನಾಲ್ಕನೇ ಫೋನು. ನೀನು ಚರ್ಚಿನ ಮೇಲೆ ಕೇಸು ಹಾಕ್ತೀಯಂತೆ? ನಾಳೆಯಿಂದ ಪ್ರಾರ್ಥನೆಗೆ ಬರೋರು ನಿನಗೆ ಬಾಡಿಗೆ ಕೊಡಬೇಕಂತೆ?"

"ಅಯ್ಯೋ, ಹಾಗೇನಿಲ್ಲ ಕಣೆ. ನನ್ನ ತಾತನ ತಾತನ ತಾತನ ತಾತ ಒಬ್ಬ ಸಿಕ್ಕಿದಾನೆ."

"ನಿನ್ನ ತಾತ ಬಿಟ್ಟು ಹೋಗಿದ್ದು ಏನು ಅಂತ ಗೊತ್ತಲ್ಲ? ಸೊಂಟನೋವು. ನಿಮ್ಮಪ್ಪ ಬಿಟ್ಟು ಹೋಗಿದ್ದೂ ಅದೇ. ಇನ್ನು ಅವನ ಹತ್ರ ಹೋಗಿ ಏನು ತರ್ತೀಯೋ ತಾ." ಹೀಗೆಂದರೂ ಲೊರೇನ್ ಅವನ ಒಂದೇ ಒಂದು ಕೋಟಿಗೆ ಗುಂಡಿ ಹೊಲಿದು ಕೊಟ್ಟಳು. ಅಪ್ಪ ಹಾಕಿದ ಆಲದ ಮರ ಎಂದು ನೇಣು ಹಾಕಿಕೊಳ್ಳಬಾರದು ಎಂಬ ಗಾದೆ ಆ ಸೀಮೆಯಲ್ಲಿಲ್ಲ. ಇದ್ದಿದ್ದರೆ ಆ ಗಳಿಗೆಯಲ್ಲಿ ಅವಳ ಬಾಯಿಂದ ಬಂದೇ ಬರುತ್ತಿತ್ತು.

ಕೋರ್ಟಿನ ದಾಖಲೆ ಕೋಣೆ ಹಬ್ಬದ ಪ್ರಯುಕ್ತ ಮಧ್ಯಾಹ್ನ ಹನ್ನೆರಡರವರೆಗೆ ತೆರೆದಿತ್ತು. ಹಾರ್ವೆ ತನ್ನ ಹಳೆಯ ಜೀಪಿನಲ್ಲಿ ಕ್ಲೀಟಸನನ್ನು ಕೂರಿಸಿಕೊಂಡು ಹೊರಟ. ಹದಿನೈದು ನಿಮಿಷದ ದಾರಿಗೆ ಒಂದೂವರೆ ಗಂಟೆಯಾಯಿತು. ದಾರಿಯ ಪ್ರತಿಯೊಂದು ಅಂಚೆಪೆಟ್ಟಿಗೆಯ ಬಳಿ ಜೀಪು ತಾನಾಗಿ ನಿಲ್ಲುತ್ತಿತ್ತು, ಹಾರ್ವೆಯ ಬಾಯಿ ತಾನಾಗಿ ತೆರೆಯುತ್ತಿತ್ತು. ಇವರು ಕೋರ್ಟಿನ ಮೆಟ್ಟಿಲು ಹತ್ತುವಾಗ ಬಾಗಿಲ ಕಾವಲಿನವನು ಕ್ಲೀಟಸನನ್ನು ಮೇಲಿಂದ ಕೆಳಗೆ ನೋಡಿ, "ಚರ್ಚು ಮಾರ್ತೀಯಂತಲ್ಲ, ಗಂಟೆ ಬೇರೆ ಮಾರ್ತೀಯಾ?" ಎಂದು ಕೇಳಿದ.

ದಾಖಲೆ ಕೋಣೆಯ ಮೇಜಿನ ಹಿಂದೆ ಮಿಸೆಸ್ ಒಡೆಸ್ಸಾ ವೀನಿ ಇದ್ದಳು. ಮೂವತ್ತೈದು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಈಗ ವಾರಕ್ಕೆ ನಾಲ್ಕು ದಿನ ಇಲ್ಲಿ ಬಂದು ಹಳೆಯ ಪುಸ್ತಕಗಳ ಧೂಳು ಕೊಡವುವ ಕಪ್ಪು ಜನಾಂಗದ ಹೆಂಗಸು. ಆ ಪುಸ್ತಕಗಳನ್ನು ಅವಳಷ್ಟು ಬಲ್ಲವರು ಆ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ.

"ಹದಿನೇಳುನೂರ ಮೂವತ್ತಮೂರು," ಎಂದು ಅವಳು ಚರ್ಮದ ಹೊದಿಕೆಯ ದಪ್ಪ ಪುಸ್ತಕವೊಂದನ್ನು ಮಗುವನ್ನು ಇಳಿಸುವಂತೆ ಮೇಜಿನ ಮೇಲೆ ಇಳಿಸಿದಳು. "ಕೈ ತೊಳ್ಕೊಂಡು ಬನ್ನಿ, ಮಿಸ್ಟರ್ ಟಿಗ್ನರ್. ಎಂಜಿನ್ ಎಣ್ಣೆ ಕಂಡ್ರೆ ಇವಕ್ಕೆ ಆಗಲ್ಲ."

ಕೈ ತೊಳೆದು ಬಂದು ಕ್ಲೀಟಸ್ ಹಾಳೆ ತಿರುವಿದ. ಕಂದುಬಣ್ಣಕ್ಕೆ ತಿರುಗಿದ ಶಾಯಿಯಲ್ಲಿ ಸತ್ತವರು ಒಬ್ಬೊಬ್ಬರಾಗಿ ತಮ್ಮ ಮನೆ ಖಾಲಿ ಮಾಡುತ್ತಿದ್ದರು. ಒಬ್ಬ ಹೆಂಡತಿಗೆ ಎರಡನೆಯ ಒಳ್ಳೆಯ ಹಾಸಿಗೆ ಬಿಟ್ಟಿದ್ದ. ಒಬ್ಬ ಮುನಿದ ಮಗನಿಗೆ ಒಂದೇ ಒಂದು ಶಿಲ್ಲಿಂಗ್ ಬಿಟ್ಟಿದ್ದ. ಒಬ್ಬಳು ತನ್ನ ಹಿತ್ತಾಳೆಯ ಬಾಣಲೆ ಯಾವ ಸೊಸೆಗೆ ಹೋಗಬಾರದು ಎಂದು ಅರ್ಧ ಪುಟ ಬರೆಸಿದ್ದಳು. ಇನ್ನೊಂದು ಹಾಳೆಯಲ್ಲಿ, ಒಂದು ಕಬ್ಬಿಣದ ಹಂಡೆಗೂ ಒಂದು ಕೆಂದ ಹಸುವಿಗೂ ನಡುವೆ, ‘ಫಿಲ್ಲಿಸ್ ಎಂಬ ಹೆಂಗಸು, ಅವಳ ಕೂಸು’ ಎಂದಿತ್ತು. ಕ್ಲೀಟಸನ ಬೆರಳು ಅಲ್ಲೇ ನಿಂತಿತು.

"ನಿಲ್ಲಬೇಡಿ, ತಿರುವಿ," ಎಂದಳು ಮಿಸೆಸ್ ವೀನಿ ಮೆಲ್ಲಗೆ. "ಆ ಪುಟ ನನ್ನದು. ನಿಮ್ಮೋರನ್ನ ನೀವು ಹೆಸರು ನೋಡಿ ಹುಡುಕ್ತೀರ. ಗುಲಾಮರಾಗಿದ್ದ ನಮ್ಮೋರನ್ನ ನಾನು ಹಂಡೆ, ಹಸು ಎಲ್ಲಾ ದಾಟಿ ಹುಡುಕಬೇಕು. ಒಂಬತ್ತು ವರ್ಷ ಆಯ್ತು ಫಿಲ್ಲಿಸ್ ಸಿಕ್ಕಿ. ಆ ಕೂಸಿನ ಹೆಸರು ಇನ್ನೂ ಸಿಕ್ಕಿಲ್ಲ."

ಹಾರ್ವೆಯ ಬಾಯಿಗೂ ಅಷ್ಟು ಹೊತ್ತು ಬೀಗ ಬಿತ್ತು. ಆ ಕೋಣೆಯಲ್ಲಿ ಮೂವರಲ್ಲ, ನೂರಾರು ಜನ ಉಸಿರು ಹಿಡಿದು ನಿಂತಿದ್ದಾರೆ ಎಂದು ಕ್ಲೀಟಸನಿಗೆ ಅನ್ನಿಸಿತು. ಬಾಯಿದ್ದವರು ಬರೆಸಿ ಹೋಗಿದ್ದರು, ಬಾಯಿಲ್ಲದವರು ಅವರ ಸಾಮಾನಿನ ನಡುವೆ ಸಿಕ್ಕಿಕೊಂಡಿದ್ದರು. ಹುಲ್ಲಿನ ಉಪದ್ರವ ತಪ್ಪಿಸಿಕೊಳ್ಳಲು ಇಲ್ಲಿಗೆ ಬಂದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ನಾಚಿಕೆ ಒಂದು ನಿಮಿಷ ಇತ್ತು. ಅಷ್ಟರಲ್ಲಿ ಗೋಡೆಯ ಗಡಿಯಾರ ಹನ್ನೆರಡಕ್ಕೆ ಹತ್ತು ನಿಮಿಷ ತೋರಿಸಿತು.

"ಸಿಕ್ಕಿದ!" ಎಂದು ಹಾರ್ವೆ ಕಿರುಚಿದ.

ಜೋನಸ್ ಟಿಗ್ನರನ ಉಯಿಲು ಎರಡು ಹಾಳೆಯದು. ಗುಮಾಸ್ತನ ಅಕ್ಷರ ಜೇಡ ಶಾಯಿಯಲ್ಲಿ ಬಿದ್ದು ಎದ್ದು ಓಡಿದಂತಿತ್ತು. ಮಿಸೆಸ್ ವೀನಿ ಬೆರಳಿಟ್ಟು ಓದಿದಳು. ‘ತೀರಿಹೋದ ನನ್ನ ಹೆಂಡತಿ ಹೆಸ್ಟರಳ ಹಾಸಿಗೆ ನನ್ನ ಮಗ ಆಂಬ್ರೋಸನಿಗೆ. ಅವಳು ಮಲಗಿರುವ ಒಂದು ಎಕರೆ ನೆಲ ಚರ್ಚು ಕಟ್ಟಲು ಈ ಪ್ಯಾರಿಷ್‌ಗೆ...’

"ಆಂಬ್ರೋಸ್!" ಕ್ಲೀಟಸ್ ಕುರ್ಚಿಯಿಂದ ಎದ್ದೇಬಿಟ್ಟ. "ನೋಡಿದ್ಯಾ ಹಾರ್ವೆ? ಆಂಬ್ರೋಸ್! ನೆಲಾನೂ ಸಿಕ್ತು, ಮಗಾನೂ ಸಿಕ್ದ!"

ಎರಡನೆಯ ಹಾಳೆಯ ಕೊನೆಯಲ್ಲಿ, ಓದುಬರಹ ಬಾರದ ಜೋನಸ್ ಹೆಸರಿನ ಬದಲು ಹಾಕಿದ ಗುರುತನ್ನು ಗುಮಾಸ್ತ ಇದ್ದ ಹಾಗೇ ನಕಲು ಮಾಡಿದ್ದ. ಉದ್ದ ಗೀಟು, ತುದಿಯಲ್ಲಿ ಬಾಗಿದ ಇನ್ನೊಂದು ಗೀಟು.

"ಕತ್ತಿ ಕಣೋ," ಎಂದ ಕ್ಲೀಟಸ್ ಬೆರಗಿನಿಂದ. "ಸೇನೆಯಲ್ಲಿ ಇದ್ನೋ ಏನೋ. ಕ್ಯಾಪ್ಟನ್ ಟಿಗ್ನರ್!"

"ಬಾವುಟ ಇರಬಹುದು," ಎಂದ ಹಾರ್ವೆ.

ಮಿಸೆಸ್ ವೀನಿ ಕನ್ನಡಕ ಏರಿಸಿ ಎರಡನೆಯ ಹಾಳೆಗೆ ಬಾಗಿದಳು. "ಇನ್ನೂ ಒಂದು ದೊಡ್ಡ ಪ್ಯಾರಾ ಇದೆ, ಮಿಸ್ಟರ್ ಟಿಗ್ನರ್. ಸತ್ತೋರ ಮಾತನ್ನ ಅರ್ಧಕ್ಕೆ ಬಿಟ್ಟು ಎದ್ದು ಹೋಗಬಾರದು."

"ಬೇಕಾದ್ದು ಸಿಕ್ತಲ್ಲ ಮೇಡಂ! ಎರಡೂ ಹಾಳೆ ನಕಲು ಮಾಡಿಕೊಡಿ, ಉಳಿದಿದ್ದು ಆರಾಮಾಗಿ ಓದ್ತೀನಿ," ಎಂದು ಕ್ಲೀಟಸ್ ಅವಸರ ಮಾಡಿದ. ನಕಲು ಕೈಗೆ ಬಂದಾಗ ಗಡಿಯಾರ ಹನ್ನೆರಡು ಹೊಡೆಯಿತು.

ಸಭಾಗೃಹದಲ್ಲಿ ಆಗ ಊರೇ ನೆರೆದಿತ್ತು. ಮೇಜಿನ ಮೇಲೆ ಹುರಿದ ಕೋಳಿ, ಹಂದಿಮಾಂಸ ಇಟ್ಟ ಬಿಸ್ಕತ್ತು, ನಿಂಬೆ ಪಾನಕ. ಕ್ಲೀಟಸ್ ಒಳಗೆ ಬಂದೊಡನೆ ಜನ ದಾರಿ ಬಿಟ್ಟರು. ನೆಲದ ಒಡೆಯ ಬಂದನಲ್ಲ! ಮಿಸ್ ಲವೀನಿಯಾ ನಕಲಿನ ಮೊದಲ ಹಾಳೆಯನ್ನು ಎರಡು ಸಲ ಓದಿ ತಲೆದೂಗಿದಳು.

"ಉಯಿಲು ಸರಿ ಇದೆ. ಇನ್ನು ಮದುವೆ." ಎಂದು ಟೈಪು ಮಾಡಿದ ಹಾಳೆಗಳ ಕಟ್ಟೊಂದನ್ನು ತೆರೆದಳು. ಹಳೆಯ ಪ್ಯಾರಿಷ್ ದಾಖಲೆಯನ್ನು, ಎಂದರೆ ಚರ್ಚಿನ ಸೀಮೆಯ ಮದುವೆ, ದೀಕ್ಷಾಸ್ನಾನಗಳ ಪುಸ್ತಕವನ್ನು, ಅವಳ ಸೋದರತ್ತೆ ಅರವತ್ತು ವರ್ಷದ ಹಿಂದೆ ಜನವರಿಯಿಂದ ಡಿಸೆಂಬರವರೆಗೆ ಅಚ್ಚುಕಟ್ಟಾಗಿ ಜೋಡಿಸಿ ಟೈಪು ಮಾಡಿಟ್ಟಿದ್ದಳು. ಮಿಸ್ ಲವೀನಿಯಾಳ ಗವಸಿನ ಬೆರಳು ಸಾಲುಸಾಲಾಗಿ ಇಳಿಯಿತು, ನಿಂತಿತು, ಮತ್ತೆ ಮೇಲೆ ಹೋಯಿತು.

"ಕ್ಲೀಟಸ್, ಕೂತ್ಕೋಪ್ಪ."

"ಪರವಾಗಿಲ್ಲ, ನಿಂತೇ ಕೇಳ್ತೀನಿ."

"ಜೋನಸನಿಗೂ ಹೆಸ್ಟರಳಿಗೂ ಮದುವೆ, 1728ರ ಏಪ್ರಿಲ್ ಹದಿನಾರು. ಅವರ ಮಗ ಆಂಬ್ರೋಸ್ ಹುಟ್ಟಿ ಹತ್ತು ದಿನಕ್ಕೆ ದೀಕ್ಷಾಸ್ನಾನ..." ಅವಳು ದನಿ ತಗ್ಗಿಸಿದಳು. ಅವಳು ದನಿ ತಗ್ಗಿಸಿದರೆ ಬಾಗಿಲಾಚೆಗೂ ಕೇಳುತ್ತಿತ್ತು. "1728ರ ಫೆಬ್ರವರಿ ಇಪ್ಪತ್ತು."

ಕೋಳಿಯ ಕಾಲು ಕಚ್ಚುತ್ತಿದ್ದವರು ಹಾಗೇ ನಿಂತರು. ಯಾರೋ ಬೆರಳು ಮಡಚಿ ತಿಂಗಳು ಎಣಿಸಿದರು, ಹಿಂದಕ್ಕೆ ಎಣಿಸಬೇಕಾಯಿತು.

"ಮದುವೆಗೆ ಮುಂಚೆ ಎರಡು ತಿಂಗಳ ಮಗು," ಎಂದು ಹಾರ್ವೆ ಲೆಕ್ಕ ಒಪ್ಪಿಸಿದ, ಯಾರೂ ಕೇಳದಿದ್ದರೂ.

"ನನಗೂ ಬೇಜಾರೇ ಅಪ್ಪ. ಆದರೆ ಕ್ರಮವಾಗಿ ಹುಟ್ಟಿದೋರಿಗೆ ಮಾತ್ರ ಪಟ್ಟಿ. ಪುಸ್ತಕ ಹೇಳಿದ್ದೇ ಮಾತು," ಎಂದು ಮಿಸ್ ಲವೀನಿಯಾ ಕಟ್ಟು ಮುಚ್ಚಿದಳು.

ಬೆಳಿಗ್ಗೆ ಸ್ಥಾಪಕರಿಗೇ ಸ್ಥಾಪಕನಾಗಿದ್ದವನು ಮಧ್ಯಾಹ್ನ ಮಾನ ಕಳೆದುಕೊಂಡು ಆ ಕಲ್ಲಿನ ಪಕ್ಕ ಹೋಗಿ ಕುಕ್ಕರಿಸಿದ. ಹಾರ್ವೆ ಹಿಂದೆಯೇ ಬಂದು, "ಬೇಜಾರು ಮಾಡ್ಕೋಬೇಡ, ಇನ್ನೂರೈವತ್ತು ವರ್ಷದ ಹಿಂದಿನ ಮಾತು, ಯಾರಿಗೂ ಗೊತ್ತಾಗಲ್ಲ," ಎಂದು ಸಮಾಧಾನ ಹೇಳಿ, ಎಲ್ಲರಿಗೂ ಹೇಳಲು ಒಳಗೆ ಹೋದ. ಲೊರೇನ್ ಒಂದು ಬಿಸ್ಕತ್ತು ತಂದು ಕೈಯಲ್ಲಿಟ್ಟಳು.

"ತಿನ್ನು. ಅಪ್ಪ ಅಮ್ಮ ಹೇಗೇ ಇರಲಿ, ಆ ಮಗು ಏನು ತಪ್ಪು ಮಾಡಿತ್ತು?"

"ಹುಲ್ಲು ಹೋಗಲಿ ಬಿಡೆ," ಎಂದ ಕ್ಲೀಟಸ್. "ಈ ಹೆಸ್ಟರ್ ಬಗ್ಗೆ ಎಲ್ಲರ ಮುಂದೆ ಹಾಗಂದುಬಿಟ್ರಲ್ಲ. ಅವಳ ಪರ ಮಾತಾಡೋಕೆ ಯಾರಿದಾರೆ?"

ಮಾತಾಡುವವಳು ಅದೇ ಹೊತ್ತಿಗೆ ಗೇಟಿನ ಬಳಿ ಕಾರಿನಿಂದ ಇಳಿಯುತ್ತಿದ್ದಳು. ಹಬ್ಬಕ್ಕೆಂದು ಗಾಜಿನ ಪೆಟ್ಟಿಗೆಯಲ್ಲಿ ಇಡಲು ಮಿಸೆಸ್ ವೀನಿ ಮೂಲ ಪ್ಯಾರಿಷ್ ಪುಸ್ತಕವನ್ನೇ ಬಟ್ಟೆಯಲ್ಲಿ ಸುತ್ತಿಕೊಂಡು ತಂದಿದ್ದಳು. ಕ್ಲೀಟಸನ ಮುಖ ನೋಡಿ ನಿಂತಳು, ವಿಷಯ ಕೇಳಿದಳು. ಆಮೇಲೆ ಶಾಲೆಗೆ ತಡವಾಗಿ ಬಂದವನನ್ನು ಕರೆದೊಯ್ಯುವಂತೆ ಅವನ ತೋಳು ಹಿಡಿದು ಸಭಾಗೃಹಕ್ಕೆ ನಡೆಸಿದಳು.

"ಮಿಸ್ ಕ್ಯಾರಿಂಗ್ಟನ್, 1728ನೇ ವರ್ಷದ ಪುಟ ಇದು. ಮೊದಲನೇ ಸಾಲು ಯಾವ ತಾರೀಖು, ಸ್ವಲ್ಪ ಓದ್ತೀರಾ?"

ಮಿಸ್ ಲವೀನಿಯಾ ಬಾಗಿದಳು. "ಮಾರ್ಚ್ ಇಪ್ಪತ್ತೈದು."

"ಜನವರಿ ಎಲ್ಲಿ ಹೋಯ್ತು?"

ಮಿಸ್ ಲವೀನಿಯಾ ಹಾಳೆ ತಿರುವಿದಳು. ಏಪ್ರಿಲ್ ಬಂತು, ಜೋನಸನ ಮದುವೆ ಬಂತು. ಬೇಸಿಗೆ ಬಂತು, ಡಿಸೆಂಬರ್ ಬಂತು. ಡಿಸೆಂಬರಿನ ಕೆಳಗೆ ಜನವರಿ ಬಂತು, ಅದರ ಕೆಳಗೆ ಫೆಬ್ರವರಿ ಇಪ್ಪತ್ತು. ಆಂಬ್ರೋಸ್ ಅಲ್ಲಿದ್ದ.

"1752ರವರೆಗೆ ಇಲ್ಲಿ ಹೊಸ ವರ್ಷ ಶುರು ಆಗ್ತಿದ್ದಿದ್ದು ಮಾರ್ಚ್ ಇಪ್ಪತ್ತೈದಕ್ಕೆ," ಎಂದಳು ಮಿಸೆಸ್ ವೀನಿ, ಹಿಂದಿನ ಬೆಂಚಿಗೂ ಕೇಳುವ ಶಾಲೆಯ ದನಿಯಲ್ಲಿ. "ಫೆಬ್ರವರಿ ಆ ವರ್ಷದ ಕೊನೇಲಿ ಬರ್ತಿತ್ತು, ಮೊದಲಲ್ಲಿ ಅಲ್ಲ. ಟೈಪು ಮಾಡಿದವರು ಈಗಿನ ಕ್ಯಾಲೆಂಡರ್ ನೋಡಿ ಜೋಡಿಸಿಬಿಟ್ಟಿದಾರೆ. ಏಪ್ರಿಲಲ್ಲಿ ಮದುವೆ, ಹತ್ತು ತಿಂಗಳಾದ ಮೇಲೆ ಮಗು. ಹೆಸ್ಟರ್ ಟಿಗ್ನರ್ ಮರ್ಯಾದಸ್ಥ ಹೆಂಗಸು."

ಮಿಸ್ ಲವೀನಿಯಾ ಪುಸ್ತಕ ಮೆಲ್ಲಗೆ ಮುಚ್ಚಿದಳು. ಆಮೇಲೆ ಬಲಗೈಯ ಗವಸು ಕಳಚಿ ಕ್ಲೀಟಸನ ಕೈ ಕುಲುಕಿದಳು. ಅವಳ ಬರಿಗೈಯನ್ನು ಊರು ನೋಡಿದ್ದು ಅದೇ ಮೊದಲು.

"ಪುಸ್ತಕ ಹೇಳಿದ್ದೇ ಮಾತು. ಅತ್ತೆ ತಪ್ಪಿದಳು, ನಾನೂ ತಪ್ಪಿದೆ. ಕೆತ್ತೋನಿಗೆ ಹೇಳಿ, ಏಳನೇ ಹೆಸರು ಟಿಗ್ನರ್. ಮೊದಲು ಅವನದೇ ಇರಲಿ."

ನಾಲ್ಕು ಗಂಟೆಗೆ ಚರ್ಚು ಕಿಕ್ಕಿರಿದಿತ್ತು. ಕ್ಲೀಟಸ್ ಮುಂದಿನ ಬೆಂಚಿನಲ್ಲಿ ಕೂತ. ಹಿಂದಿನಿಂದ ನೋಡುವಾಗ ತುಂಬ ದೊಡ್ಡದಾಗಿ ಕಾಣುತ್ತಿದ್ದ ಆ ಬೆಂಚು ಕೂತರೆ ಗಟ್ಟಿಯಾಗಿತ್ತು, ಆದರೂ ಸೊಗಸಾಗಿತ್ತು. ಪಾದ್ರಿ ಆಲ್ಸಪ್ ಏಳು ಮನೆತನಗಳ ಹೆಸರು ಓದಿ, ಫಲಕದ ಮೇಲಿನ ಬಟ್ಟೆ ತೆಗೆದರು. ಚಪ್ಪಾಳೆ ಬಿತ್ತು. ಅಲ್ಲಿಗೆ ಮುಗಿಸಿ ಮನೆಗೆ ಹೋಗಬಹುದಿತ್ತು. ಕ್ಲೀಟಸ್ ಎದ್ದು ನಿಂತ.

"ಫಾದರ್, ಒಂದು ಮಾತು. ಜೋನಸನಿಗೆ ಓದು ಬರಹ ಬರ್ತಿರಲಿಲ್ಲ. ಅವನ ಮಾತು ಇನ್ನೂರೈವತ್ತು ವರ್ಷ ಯಾರ ಕಿವಿಗೂ ಬಿದ್ದಿಲ್ಲ. ಅವನು ಕೊಟ್ಟ ನೆಲದಲ್ಲಿ ನಿಂತು ಅವನ ಉಯಿಲನ್ನ ಪೂರ್ತಿ ಓದ್ತೀರಾ? ಒಂದಕ್ಷರಾನೂ ಬಿಡದೆ."

ಹೆಂಗಸರು ಕರವಸ್ತ್ರ ತೆಗೆದರು. ಲೊರೇನಳಿಗೂ ಗಂಡನ ಮೇಲೆ ಹೆಮ್ಮೆ ಉಕ್ಕಿತು. ಪಾದ್ರಿಗಳು ಮೊದಲ ಹಾಳೆ ಓದಿದರು. ಹಾಸಿಗೆ, ನೆಲ, ಆಂಬ್ರೋಸ್. ಎರಡನೆಯ ಹಾಳೆ ತೆಗೆದರು.

‘ಆದರೆ ಈ ಷರತ್ತಿನ ಮೇಲೆ,’ ಎಂದು ಓದಿ ಅವರ ಹುಬ್ಬು ಮೇಲೇರಿತು. ‘ನನ್ನ ಹೆಸ್ಟರ್ ಮಲಗಿರುವ ಜಾಗ ಕಳೆ ಬೆಳೆದು ಮುಚ್ಚಿಹೋಗಬಾರದು. ಈಸ್ಟರಿನಿಂದ ನವೆಂಬರಿನ ಸಕಲ ಸಂತರ ಹಬ್ಬದವರೆಗೆ, ಪ್ರತಿ ಶನಿವಾರ, ಪ್ರಾಯಕ್ಕೆ ಬಂದ ಮೇಲೆ ನನ್ನ ಮಗ ಆಂಬ್ರೋಸನೂ, ಅವನ ನಂತರ ಅವನ ಹಿರಿಯ ಮಗನೂ, ಹೀಗೆಯೇ ಹಿರಿಯ ಮಗನ ಹಿರಿಯ ಮಗನೂ ಲೋಕ ಇರುವವರೆಗೆ, ಕೂಲಿ ಪಡೆಯದೆ, ಬೇರೊಬ್ಬನಿಗೆ ಒಪ್ಪಿಸದೆ, ನಾನು ಮಾಡಿದಂತೆ ಸ್ವಂತ ಕೈಯಿಂದ, ಉದ್ದ ಹಿಡಿಯ ಕುಡುಗೋಲಿನಿಂದ, ಹುಲ್ಲು ಕೊಯ್ಯತಕ್ಕದ್ದು. ತಪ್ಪಿದರೆ ಆ ಎಕರೆಯೂ ಅದರ ಮೇಲೆ ಕಟ್ಟಿದ್ದೆಲ್ಲವೂ ಮೇರಿಲ್ಯಾಂಡಿನಲ್ಲಿರುವ ಹೆಸ್ಟರಳ ತಮ್ಮ ಲೌರಿಯ ವಂಶಕ್ಕೆ ಸೇರತಕ್ಕದ್ದು.’

ಜನ ಒಬ್ಬರ ಮುಖ ಒಬ್ಬರು ನೋಡಿದರು.

"ಲೌರಿಗಳು ಈಗಲೂ ಇದಾರಾ?" ಎಂದು ಯಾರೋ ಪಿಸುಗುಟ್ಟಿದರು.

"ಬಾಲ್ಟಿಮೋರಲ್ಲಿ ಒಂದು ಬೀದಿ ತುಂಬ ಇದಾರೆ," ಎಂದ ಹಾರ್ವೆ. "ನಾನೇ ಎಷ್ಟೋ ಕಾಗದ ಕಳಿಸಿದೀನಿ. ಅದರಲ್ಲಿ ಮೂವರು ವಕೀಲರು."

ಮುನ್ನೂರು ಕಣ್ಣುಗಳು ಒಟ್ಟಿಗೆ ಮುಂದಿನ ಬೆಂಚಿನ ಕಡೆ ತಿರುಗಿದವು. ಹಿರಿಯ ಮಗನ ಹಿರಿಯ ಮಗ, ಒಂದು ಕೊಂಡಿಯೂ ಜಾರದವನು, ಎದ್ದು ನಿಂತಲ್ಲೇ ನಿಂತಿದ್ದ. ಇರಲಾರದೆ ಇರುವೆ ಬಿಟ್ಟುಕೊಂಡವನ ಮುಖ ಹೇಗಿರುತ್ತದೆ ಎಂದು ಆ ಊರು ಕಣ್ಣಾರೆ ಕಂಡಿತು.

ಚರ್ಚಿನ ಪಕ್ಕದ ಕೋಣೆಯ ಬಾಗಿಲ ಮೇಲೆ ತುಕ್ಕು ಹಿಡಿದ ಉದ್ದ ಹಿಡಿಯ ಕುಡುಗೋಲೊಂದು ಯಾವ ಕಾಲದಿಂದಲೋ ತೂಗುತ್ತಿತ್ತು. ಯಾರದು, ಏಕೆ ಅಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಪಾದ್ರಿಗಳು ಸ್ಟೂಲು ಹಾಕಿಕೊಂಡು ಅದನ್ನು ಇಳಿಸಿ ತಂದು ಕ್ಲೀಟಸನ ಕೈಯಲ್ಲಿಟ್ಟರು. ಅವನು ಉಯಿಲಿನ ಕೊನೆಯ ಗುರುತನ್ನು ನೋಡಿದ, ಕೈಯಲ್ಲಿದ್ದದ್ದನ್ನು ನೋಡಿದ. ಉದ್ದ ಗೀಟು, ತುದಿಯಲ್ಲಿ ಬಾಗಿದ ಇನ್ನೊಂದು ಗೀಟು. ಕತ್ತಿಯಲ್ಲ, ಬಾವುಟವೂ ಅಲ್ಲ. ಹೆಸರು ಬರೆಯಲು ಬಾರದವನು ತನಗೆ ಬರುತ್ತಿದ್ದದ್ದನ್ನು ಬರೆದಿದ್ದ.

ಹಿಡಿಯ ಮರ ಎರಡು ಕಡೆ ಸವೆದು ಗುಳಿಬಿದ್ದಿತ್ತು. ಕ್ಲೀಟಸನ ಎರಡೂ ಅಂಗೈ ಅಲ್ಲಿ ಹೋಗಿ ಸರಿಯಾಗಿ ಕೂತವು. ಒಂದು ಗಳಿಗೆ ಅವನಿಗೆ ಚರ್ಚೂ ಕಾಣಲಿಲ್ಲ, ಜನರೂ ಕಾಣಲಿಲ್ಲ. ಅಪ್ಪ ಹುಲ್ಲು ಕೊಯ್ದ, ತಾತ ಕೊಯ್ದ. ಏಕೆ ತಮ್ಮ ಪಾಲಿಗೇ ಬಂತೆಂದು ಯಾರಿಗೂ ತಿಳಿಯಲಿಲ್ಲ, ಯಾರಿಗೂ ‘ಆಗಲ್ಲ’ ಎನ್ನಲೂ ಬರಲಿಲ್ಲ. ಉಯಿಲನ್ನು ಎಲ್ಲರೂ ಮರೆತ ಮೇಲೂ ಆ ಸತ್ತ ಮನುಷ್ಯನ ಮಾತು ಒಂದು ಶನಿವಾರವೂ ತಪ್ಪದೆ ಅವರ ಸೊಂಟದಲ್ಲಿ ಇಳಿದು ಬಂದಿತ್ತು. ಹೆಸ್ಟರಳ ಮೇಲೆ ಇನ್ನೂರೈವತ್ತು ವರ್ಷ ಕಳೆ ಬೆಳೆದಿರಲಿಲ್ಲ. ಕ್ಲೀಟಸನ ಕಣ್ಣಲ್ಲಿ ನೀರು ಬಂತು.

ನೀರು ಒರೆಸಿಕೊಂಡ ಮೇಲೆ ಬುದ್ಧಿಯೂ ಬಂತು. ಹಿಂದಿನ ಬೆಂಚುಗಳಲ್ಲಿ ಹದಿಮೂರು ಜನ ಎದ್ದು ಹೋಗಿ ಬಾಗಿಲ ಹಿಂದಿನ ಸರದಿ ಪಟ್ಟಿಯನ್ನು ಆಗಲೇ ಹರಿದುಹಾಕುತ್ತಿದ್ದರು. ಅಲಗು ಮುರಿದ ಯಂತ್ರವನ್ನು ಏನು ಬೆಲೆಗೆ ಕೊಡುತ್ತೀಯೆಂದು ಒಬ್ಬ ಕೇಳಿದ. ಇನ್ನು ಮುಂದೆ ಅದು ಬೇಡವಲ್ಲ! ಲೊರೇನ್ ಸೊಂಟಕ್ಕೆ ಹಚ್ಚುವ ಮುಲಾಮು ಮನೆಯಲ್ಲಿ ಎಷ್ಟು ಉಳಿದಿದೆ ಎಂದು ಯೋಚಿಸುತ್ತಿದ್ದಳು.

ಕ್ಲೀಟಸ್ ಕುಡುಗೋಲು ಹಿಡಿದೇ ಮಿಸ್ ಲವೀನಿಯಾಳ ಪಕ್ಕ ಹೋಗಿ ಕೂತು, ಅವಳ ಕಿವಿಯ ಬಳಿ ಬಾಗಿದ.

"ಮಿಸ್ ಲವೀನಿಯಾ, ಮಧ್ಯಾಹ್ನ ನೀವು ಹೇಳಿದ್ರಲ್ಲ, ಆಂಬ್ರೋಸ್ ಮದುವೆಗೆ ಮುಂಚೆ ಹುಟ್ಟಿದೋನು ಅಂತ... ಯೋಚನೆ ಮಾಡಿದ್ರೆ ನೀವು ಹೇಳಿದ್ದೇ ಸರಿ ಅನ್ನಿಸ್ತಿದೆ ನನಗೆ. ಅದನ್ನ ಇನ್ನೊಂದ್ಸಲ ಎಲ್ಲರ ಮುಂದೆ ಹೇಳ್ತೀರಾ?"

ಮಿಸ್ ಲವೀನಿಯಾ ಗವಸು ತೊಟ್ಟ ಕೈಯಿಂದ ಅವನ ಬೆನ್ನು ತಟ್ಟಿದಳು.

"ಹಿರಿಯರ ಮಾನ ಹಾಗೆಲ್ಲ ಕಳೀಬಾರದಪ್ಪ. ಪುಸ್ತಕ ಹೇಳಿದ್ದೇ ಮಾತು." ಆಮೇಲೆ ಕಿಟಕಿಯಾಚೆ ನೋಡಿ, "ಅಂದ ಹಾಗೆ, ಇವತ್ತು ಶನಿವಾರ ಅಲ್ವಾ? ಗೇಟಿನ ಹತ್ರ ಇನ್ನೂ ಅರ್ಧ ಅಂಗಳ ಹಾಗೇ ಉಳಿದಿದೆ ನೋಡು," ಎಂದಳು.